ಸರಿ ಬಂದ ಫ್ರೇಮೇ ದಾರಿ ತಪ್ಪಿಸಿತು: ಹಳೆಯ ಮ್ಯಾಕ್ರೋ ಲೆನ್ಸಿನ ದೋಷ ಹುಡುಕುವ ಬಗೆ

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಒಂದು ಚಿಕ್ಕ ಗೊಂಬೆಯ ಮುಖವನ್ನು ತೀರಾ ಹತ್ತಿರದಿಂದ ತೆಗೆದಿದ್ದೆ. ಕ್ಯಾಮೆರಾ ಮಾಮಿಯಾ ಆರ್‌ಬಿ 67. ಲೆನ್ಸ್ ಅದರದೇ 140 ಮಿ.ಮೀ. ಎಫ್ 4.5 ಮ್ಯಾಕ್ರೋ, ತೀರಾ ಹತ್ತಿರದ ಫೋಟೋಗೆಂದೇ ಮಾಡಿದ್ದು. ಫಿಲ್ಮ್ ಎಕ್ಟಾರ್ 100. ಪ್ರಿಂಟ್ ತೆಗೆದುಕೊಂಡು ಮತ್ತೆ ಕಿನ್ನಾಳಕ್ಕೆ ಹೋದೆ. ಗೊಂಬೆ ಮಾಡಿದ ಚಿತ್ರಗಾರ ಯಜಮಾನರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬಣ್ಣ ಚಲೋ ಬಂದೈತ್ರಿ ಸರ. ಮೂಗ ಐತಿ. ಕಣ್ಣ ಯಾಕ ಮಸಕ ಆಗ್ಯಾವು?"

ನಾನು ಆ ಫ್ರೇಮನ್ನು ಸರಿಯಾಗಿದೆ ಅಂತ ಲೆಕ್ಕಕ್ಕೆ ಹಾಕಿದ್ದೆ. ಬೆಳಕು ಸರಿ, ಬಣ್ಣ ಸರಿ. ಅದೇ ನನ್ನ ತಪ್ಪು. ಅವರು ಕೇಳಿದ ಆ ಒಂದು ಪ್ರಶ್ನೆ, ಮೂರು ತಿಂಗಳಿಂದ ಬಿಡಿಸಲಾಗದ ಗಂಟನ್ನು ಬಿಡಿಸಿತು. ಆ ಲೆನ್ಸಿನಲ್ಲಿ ಮತ್ತು ನನ್ನ ಕೆಲಸದಲ್ಲಿ ಒಟ್ಟು ಮೂರು ತಪ್ಪು ಇದ್ದವು. ಅದರಲ್ಲಿ ಎರಡು ಒಂದನ್ನೊಂದು ಮುಚ್ಚಿ ಹಾಕುತ್ತಿದ್ದವು. ಇಂಥ ಹಳೆಯ ಲೆನ್ಸ್ ಕೊಂಡವರಿಗೆ, ಕೊಳ್ಳಬೇಕು ಅಂದುಕೊಂಡವರಿಗೆ ನಾನು ಅನುಭವಿಸಿದ್ದು ತಪ್ಪಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಇರುವುದು ಬಳ್ಳಾರಿಯಲ್ಲಿ. ಈ ಕ್ಯಾಮೆರಾಕ್ಕೆ ಹಾಕುವ ಅಗಲದ 120 ಫಿಲ್ಮ್ ತೊಳೆಸಲು ಬೆಂಗಳೂರಿಗೆ ಕೊರಿಯರ್ ಮಾಡುತ್ತೇನೆ. ಹೋಗಿ, ತೊಳೆದು, ಸ್ಕ್ಯಾನ್ ಆಗಿ ಬರಲು ಎರಡು ವಾರ ಬೇಕು. ಆರ್‌ಬಿಯಲ್ಲಿ ಒಂದು ರೋಲಿಗೆ ಹತ್ತೇ ಫ್ರೇಮ್. ಹಾಗಾಗಿ ಒಂದು ಅನುಮಾನ ಬಂದರೆ ಒಂದು ರೋಲ್ ಹಾಕಿ ನೋಡೋಣ ಅನ್ನುವುದು ನಮ್ಮಂಥವರಿಗೆ ಆಗದ ಮಾತು. ಫಿಲ್ಮ್ ಇಲ್ಲದೆ ಏನೇನು ಪರೀಕ್ಷೆ ಮಾಡಬಹುದೋ ಅದನ್ನೆಲ್ಲ ಮೊದಲು ಮಾಡಿ ಮುಗಿಸಬೇಕು. ಸ್ಕ್ರೂಡ್ರೈವರ್ ಅಂತೂ ಕೊನೆಗೇ.

ಈ ಲೆನ್ಸ್ ಹೇಗೆ ಕೆಲಸ ಮಾಡುತ್ತದೆ

ಆರ್‌ಬಿ 67 ಬಂದದ್ದು 1970ರಲ್ಲಿ. ಅದರ ಮುಂದಿನ ಮಾದರಿಗಳು ಪ್ರೊ-ಎಸ್ 1974ರಲ್ಲಿ, ಪ್ರೊ-ಎಸ್‌ಡಿ 1990ರಲ್ಲಿ ಬಂದವು. ದೋಷ ಹುಡುಕುವವರಿಗೆ ಮೂರು ವಿಷಯ ಗೊತ್ತಿದ್ದರೆ ಸಾಕು.

ಮೊದಲನೆಯದು, ಫೋಕಸ್ ಮಾಡುವುದು ಲೆನ್ಸಿನಲ್ಲಿ ಅಲ್ಲ, ಬಾಡಿಯಲ್ಲಿ. ಗುಂಡಿ ತಿರುಗಿಸಿದರೆ ಬೆಲ್ಲೋಸ್ (ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ಭಾಗ) ಚಾಚಿಕೊಂಡು ಇಡೀ ಲೆನ್ಸ್ 46 ಮಿ.ಮೀ.ವರೆಗೆ ಮುಂದೆ ಹೋಗುತ್ತದೆ. ಎರಡನೆಯದು, ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಬಾಗಿಲು, ಇರುವುದು ಲೆನ್ಸಿನ ಒಳಗೆ. ಬ್ಯಾಟರಿ ಇಲ್ಲ. ಸ್ಪ್ರಿಂಗು, ಹಲ್ಲುಚಕ್ರಗಳಿಂದಲೇ ನಡೆಯುತ್ತದೆ. 1 ಸೆಕೆಂಡಿನಿಂದ 1/400ರವರೆಗೆ ವೇಗ, ಜೊತೆಗೆ ಟಿ (ನಾವೇ ಮುಚ್ಚುವವರೆಗೆ ಶಟರ್ ತೆರೆದೇ ಇರುತ್ತದೆ). ಮೂರನೆಯದು, ಈ ಮ್ಯಾಕ್ರೋದ ಮೇಲೆ ಫ್ಲೋಟಿಂಗ್ ರಿಂಗ್ ಅಂತ ಒಂದು ಉಂಗುರ ಇದೆ. ಅದು ಒಳಗಿನ ಗಾಜುಗಳ ನಡುವಿನ ಅಂತರ ಬದಲಿಸುತ್ತದೆ. ಹತ್ತಿರದ ವಸ್ತುವಿಗೆ ಒಂದು ಅಂತರ ಬೇಕು, ದೂರದ್ದಕ್ಕೆ ಇನ್ನೊಂದು. ಅದು ತಾನಾಗಿ ತಿರುಗುವುದಿಲ್ಲ. ನಾವೇ ತಿರುಗಿಸಬೇಕು.

ನಿಮ್ಮದು ಮಾಮಿಯಾ 645ರ 80 ಮಿ.ಮೀ. ಮ್ಯಾಕ್ರೋ ಆಗಿದ್ದರೆ ಶಟರ್ ಬಾಡಿಯಲ್ಲಿ ಇರುತ್ತದೆ. ಆಗ ಶಟರಿನ ಅನುಮಾನವನ್ನು ಬಾಡಿಯ ಮೇಲೆ ಇಟ್ಟುಕೊಳ್ಳಿ. ಉಳಿದ ಮಾತು ಬಹುಪಾಲು ಹಾಗೇ ಹೊಂದುತ್ತದೆ.

ಮೊದಲು ನೆಗೆಟಿವ್ ನೋಡಿ, ಸ್ಕ್ಯಾನ್ ಅಲ್ಲ

ಸ್ಕ್ಯಾನ್ ಮಾಡುವ ಯಂತ್ರ ಬೆಳಕನ್ನು ತಾನೇ ಸರಿಮಾಡಿಬಿಡುತ್ತದೆ. ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗುವುದು ಅಥವಾ ಎರಡು ಪಟ್ಟು ಆಗುವುದು) ಕಡಿಮೆ ಬಿದ್ದ ಫ್ರೇಮೂ ನೋಡಲು ಪರವಾಗಿಲ್ಲ ಅನ್ನುವ ಹಾಗೆ ಬರುತ್ತದೆ. ಆದ್ದರಿಂದ ನೆಗೆಟಿವನ್ನೇ ತರಿಸಿಕೊಳ್ಳಿ. ಕಿಟಕಿಯ ಗಾಜಿಗೆ ಒಂದು ಬಿಳಿ ಹಾಳೆ ಅಂಟಿಸಿ, ಅದರ ಮೇಲೆ ಇಟ್ಟು ಭೂತಗನ್ನಡಿಯಲ್ಲಿ ನೋಡಿ.

ಫ್ರೇಮಿಗಿಂತ ಮೊದಲು ಅದರ ಅಂಚು ನೋಡಿ. ಅಲ್ಲಿ ಫಿಲ್ಮ್ ಕಂಪನಿ ಮೊದಲೇ ಬೆಳಕಿನಿಂದ ಅಚ್ಚು ಹಾಕಿರುವ ಹೆಸರು, ಅಂಕಿಗಳು ಇರುತ್ತವೆ. ಅವು ನಿಮ್ಮ ಕ್ಯಾಮೆರಾದ ಮೂಲಕ ಬಂದವಲ್ಲ, ತೊಳೆಯುವಾಗ ಮೂಡಿದವು. ಅಂಕಿಗಳು ಗಟ್ಟಿಯಾಗಿದ್ದು ಫ್ರೇಮ್ ಮಾತ್ರ ತೆಳುವಾಗಿದ್ದರೆ, ತೊಳೆದವರ ತಪ್ಪಿಲ್ಲ. ಬೆಳಕು ಕಡಿಮೆ ಬಿದ್ದಿದೆ. ಅಂಕಿಗಳೂ ಮಂಕಾಗಿದ್ದರೆ ಮಾತ್ರ ತೊಳೆದದ್ದು ಸಾಲಲಿಲ್ಲ ಅಂತ ಅರ್ಥ.

ಇದು ನನಗೆ ಆಗ ಗೊತ್ತಿರಲಿಲ್ಲ. ಕಿನ್ನಾಳಕ್ಕೂ ಮೊದಲು ಸಂಡೂರಿನಲ್ಲಿ ಒಂದು ರೋಲ್ ತೆಗೆದಿದ್ದೆ. ಲಂಬಾಣಿ ಕಸೂತಿಯ ಒಂದು ಬಟ್ಟೆ, ಹತ್ತೂ ಫ್ರೇಮ್ ಒಂದೇ ಕೂತಲ್ಲಿ. ಎಲ್ಲವೂ ತೆಳು. ಕಿನ್ನಾಳದ ರೋಲಿನಲ್ಲಿ ಎಲ್ಲವೂ ಸರಿ. ಅದೇ ಲೆನ್ಸ್, ಅದೇ ಫಿಲ್ಮ್, ಬೆಳಕು ಅಳೆಯುವ ಅದೇ ಮೀಟರ್. ಹಾಗಾದರೆ ಸಂಡೂರಿನ ರೋಲನ್ನು ಲ್ಯಾಬಿನವರು ಕೆಡಿಸಿದ್ದಾರೆ ಅಂತ ತೀರ್ಮಾನ ಮಾಡಿದ್ದೆ. ಎಷ್ಟೋ ದಿನ ಆದ ಮೇಲೆ ಆ ನೆಗೆಟಿವಿನ ಅಂಚು ನೋಡಿದರೆ ಅಂಕಿಗಳು ಎರಡೂ ರೋಲಿನಲ್ಲಿ ಒಂದೇ ತೂಕವಾಗಿದ್ದವು. ಅವರ ಕೆಲಸ ಅಚ್ಚುಕಟ್ಟಾಗಿತ್ತು.

ನೆಗೆಟಿವ್ ತೆಳುವಾಗಿದ್ದರೆ

ಶಟರ್ ಮೇಲೆ ಅನುಮಾನ ಪಡಬೇಡಿ. ಹಳೆಯ ಶಟರ್ ಸಾಮಾನ್ಯವಾಗಿ ನಿಧಾನ ಆಗುತ್ತದೆ. ನಿಧಾನ ಆದರೆ ಬೆಳಕು ಜಾಸ್ತಿ ಬಿದ್ದು ನೆಗೆಟಿವ್ ದಟ್ಟ ಆಗಬೇಕು, ತೆಳು ಅಲ್ಲ. ಮ್ಯಾಕ್ರೋದಲ್ಲಿ ತೆಳು ನೆಗೆಟಿವ್ ಬಂತು ಅಂದರೆ ನೂರಕ್ಕೆ ತೊಂಬತ್ತು ಪಾಲು ಲೆಕ್ಕದ ತಪ್ಪು.

ಲೆನ್ಸ್ ಫಿಲ್ಮಿನಿಂದ ದೂರ ಹೋದಷ್ಟೂ ಅದೇ ಬೆಳಕು ದೊಡ್ಡ ಜಾಗಕ್ಕೆ ಹರಡುತ್ತದೆ. ಗೋಡೆಗೆ ಟಾರ್ಚ್ ಹಿಡಿದು ಹಿಂದೆ ಹಿಂದೆ ಸರಿದರೆ ಬೆಳಕಿನ ವೃತ್ತ ದೊಡ್ಡದಾಗಿ ಮಂಕಾಗುತ್ತದೆ ಅಲ್ವಾ, ಹಾಗೆ. ಕೈಯಲ್ಲಿ ಹಿಡಿಯುವ ಮೀಟರಿಗೆ ಇದು ಗೊತ್ತಾಗುವುದಿಲ್ಲ. ನಾವೇ ಸೇರಿಸಬೇಕು.

ಲೆಕ್ಕ ಸುಲಭ. ಅನಂತದ (ಬಹಳ ದೂರದ ವಸ್ತುವಿನ) ಫೋಕಸಿನಿಂದ ಲೆನ್ಸ್ ಎಷ್ಟು ಮಿ.ಮೀ. ಮುಂದೆ ಬಂದಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಅದಕ್ಕೆ 140 ಕೂಡಿಸಿ. ಬಂದದ್ದನ್ನು 140ರಿಂದ ಭಾಗಿಸಿ. ಬಂದ ಉತ್ತರವನ್ನು ಅದರಿಂದಲೇ ಗುಣಿಸಿ. ಅಷ್ಟು ಪಟ್ಟು ಬೆಳಕು ಬೇಕು. ಬೆಲ್ಲೋಸ್ ಪೂರ್ತಿ ಚಾಚಿದರೆ 46 ಮಿ.ಮೀ. ಆಗ ಸುಮಾರು 1.8 ಪಟ್ಟು, ಅಂದರೆ 0.8 ಸ್ಟಾಪ್. ಲೆನ್ಸಿನ ಹಿಂದೆ 45 ಮಿ.ಮೀ.ನ ಒಂದನೇ ನಂಬರ್ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸನ್ನು ಇನ್ನೂ ಮುಂದೆ ತಳ್ಳುವ ಖಾಲಿ ಕೊಳವೆ) ಸೇರಿಸಿದರೆ 2.7 ಪಟ್ಟು, 1.4 ಸ್ಟಾಪ್. 82 ಮಿ.ಮೀ.ನ ಎರಡನೇ ನಂಬರ್ ಟ್ಯೂಬ್ ಆದರೆ 3.7 ಪಟ್ಟು, ಹತ್ತಿರ ಹತ್ತಿರ ಎರಡು ಸ್ಟಾಪ್. ಟ್ಯೂಬ್ ಇಲ್ಲದಿದ್ದಾಗ ಬಾಡಿಯ ಪಕ್ಕದಲ್ಲಿರುವ ಪಟ್ಟಿ ನೋಡಿದರೂ ಆಯಿತು.

ಸಂಡೂರಿನಲ್ಲಿ ನಾನು ಒಂದನೇ ನಂಬರ್ ಟ್ಯೂಬ್ ಹಾಕಿ, ಬೆಲ್ಲೋಸ್ ಪೂರ್ತಿ ಚಾಚಿ, ಏನೂ ಸೇರಿಸದೆ ತೆಗೆದಿದ್ದೆ. ಒಂದೂವರೆ ಸ್ಟಾಪ್ ಹೋಗಿತ್ತು.

ಇದರ ಮೇಲೆ ಇನ್ನೊಂದು ಸೇರುತ್ತದೆ. ಒಂದು ಸೆಕೆಂಡಿಗಿಂತ ಉದ್ದದ ಎಕ್ಸ್‌ಪೋಶರ್‌ಗೆ ಫಿಲ್ಮ್ ಸೋಮಾರಿಯಾಗುತ್ತದೆ. ಇಲ್ಫರ್ಡ್ ಎಫ್‌ಪಿ4 ಪ್ಲಸ್‌ನಲ್ಲಿ ಲೆಕ್ಕ 4 ಸೆಕೆಂಡ್ ಬಂದರೆ ಕೊಡಬೇಕಾದದ್ದು 6ಕ್ಕೆ ಹತ್ತಿರ. ಮೊದಲು ಬೆಲ್ಲೋಸ್ ಲೆಕ್ಕ, ಆಮೇಲೆ ಈ ಲೆಕ್ಕ. ಹಿಂದುಮುಂದು ಮಾಡಿದರೆ ಉತ್ತರ ಬೇರೆ ಬರುತ್ತದೆ.

ನೆಗೆಟಿವ್ ದಟ್ಟವಾಗಿದ್ದರೆ, ಅಥವಾ ಕಾರಣ ಇಲ್ಲದೆ ಸರಿಯಾಗಿದ್ದರೆ

ಈಗ ಆ ಗೊಂಬೆಯ ಕಣ್ಣಿಗೆ ಬರೋಣ.

ಕಿನ್ನಾಳದಲ್ಲೂ ಅದೇ ಟ್ಯೂಬ್, ಅದೇ ಪೂರ್ತಿ ಬೆಲ್ಲೋಸ್. ಅಲ್ಲೂ ನಾನು ಏನೂ ಸೇರಿಸಿರಲಿಲ್ಲ. ಹಾಗಾದರೆ ಆ ರೋಲೂ ಒಂದೂವರೆ ಸ್ಟಾಪ್ ತೆಳುವಾಗಿ ಬರಬೇಕಿತ್ತು. ಬರಲಿಲ್ಲ. ಸರಿಯಾಗಿ ಬಂತು. ಎಲ್ಲೋ ಒಂದು ಕಡೆಯಿಂದ ಒಂದೂವರೆ ಸ್ಟಾಪ್ ಬೆಳಕು ಪುಕ್ಕಟೆ ಬಂದಿದೆ. ಅದು ಬರಲು ಎರಡೇ ದಾರಿ. ಶಟರ್ ನಿಧಾನ ಆಗಿರಬೇಕು, ಇಲ್ಲವೇ ಅಪರ್ಚರ್ (ಬೆಳಕು ಬರುವ ತೂತು, ಎಫ್ ಅಂಕಿ ದೊಡ್ಡದಾದಷ್ಟೂ ಚಿಕ್ಕದು) ನಾನು ಇಟ್ಟಷ್ಟು ಮುಚ್ಚಿಕೊಂಡಿರಬಾರದು.

ಎರಡನ್ನೂ ಬೇರೆ ಮಾಡಿ ತೋರಿಸುವುದು ಫೋಕಸಿನ ಆಳ, ಅಂದರೆ ಹಿಂದೆ ಮುಂದೆ ಎಷ್ಟು ದೂರ ಚೂಪಾಗಿ ಕಾಣುತ್ತದೆ ಅನ್ನುವುದು. ಶಟರ್ ನಿಧಾನ ಆದರೆ ಬೆಳಕು ಜಾಸ್ತಿ ಬೀಳುತ್ತದೆ, ಆಳ ಹಾಗೇ ಇರುತ್ತದೆ. ಅಪರ್ಚರ್ ಮುಚ್ಚದಿದ್ದರೆ ಬೆಳಕೂ ಜಾಸ್ತಿ, ಆಳವೂ ಕಡಿಮೆ. ಆ ಹತ್ತಿರಕ್ಕೆ ಎಫ್ 16ರಲ್ಲಿ ಸುಮಾರು 6 ಮಿ.ಮೀ. ಆಳ ಸಿಗಬೇಕು. ಆ ಪುಟ್ಟ ಗೊಂಬೆಯ ಮೂಗಿನ ತುದಿಯಿಂದ ಕಣ್ಣಿಗೆ ಅಷ್ಟೇ ದೂರ. ಅಪರ್ಚರ್ ಎಫ್ 10ರ ಹತ್ತಿರ ನಿಂತುಬಿಟ್ಟರೆ ಆಳ 4 ಮಿ.ಮೀ.ಗೆ ಇಳಿಯುತ್ತದೆ. ಎಫ್ 16ರಿಂದ ಎಫ್ 10ಕ್ಕೆ ಇರುವ ಅಂತರವೂ ಒಂದೂವರೆ ಸ್ಟಾಪಿನ ಹತ್ತಿರವೇ. ಮೂಗು ಇದೆ, ಕಣ್ಣು ಮಸುಕು. ಯಜಮಾನರು ಕಣ್ಣಿಗೆ ಕಪ್ಪು ಗೆರೆ ಎಳೆಯುವವರು. ಗೆರೆ ಕಾಣದಿದ್ದರೆ ಅವರಿಗೆ ಮೊದಲು ತಿಳಿಯುತ್ತದೆ. ನಾನು ಬೆಳಕು ಮಾತ್ರ ನೋಡಿದ್ದೆ.

ಹಾಗಾದರೆ ಸಂಡೂರಿನಲ್ಲಿ ಯಾಕೆ ತೆಳು ಬಂತು? ಅಲ್ಲಿ ಹತ್ತು ಫ್ರೇಮ್ ಒಂದರ ಹಿಂದೆ ಒಂದು ತೆಗೆದೆ. ಶುರು ಮಾಡುವ ಮೊದಲು ಫಿಲ್ಮ್ ಇಲ್ಲದೆ ನಾಲ್ಕಾರು ಸಲ ಕ್ಲಿಕ್ ಮಾಡಿಯೂ ನೋಡಿದ್ದೆ. ಕಿನ್ನಾಳದಲ್ಲಿ ಒಂದೊಂದು ಗೊಂಬೆ ಇಟ್ಟು ಬೆಳಕು ಹೊಂದಿಸಲು ಅರ್ಧ ಗಂಟೆ ಹಿಡಿಯುತ್ತಿತ್ತು. ಅಂದರೆ ಪ್ರತಿ ಫ್ರೇಮೂ ಸುಮ್ಮನೆ ಕೂತಿದ್ದ ಲೆನ್ಸಿನ ಮೊದಲ ಕ್ಲಿಕ್.

ಅಪರ್ಚರ್ ಎಲೆಗಳಿಗೆ ಎಣ್ಣೆ ಹತ್ತಿದರೆ ಹೀಗೇ ಆಗುತ್ತದೆ. ಎಲೆಗಳು ಒಂದರ ಮೇಲೊಂದು ಜಾರುವ ತೆಳು ಲೋಹದ ತುಣುಕುಗಳು. ಅವು ಪೂರ್ತಿ ಒಣಗಿಯೇ ಇರಬೇಕು. ನಡುವೆ ಎಣ್ಣೆಯ ಪದರ ಬಂದರೆ ಒದ್ದೆಯಾದ ಎರಡು ಗಾಜಿನ ತುಂಡಿನ ಹಾಗೆ ಅಂಟಿಕೊಳ್ಳುತ್ತವೆ. ಸುಮ್ಮನೆ ಬಿಟ್ಟರೆ ಅಂಟು ಬಿಗಿಯಾಗುತ್ತದೆ. ನಾಲ್ಕು ಸಲ ಆಡಿಸಿದರೆ ಸಡಿಲವಾಗುತ್ತದೆ. ಎಣ್ಣೆ ಎಲ್ಲಿಂದ ಬಂತು ಅಂತ ಕೇಳಬೇಕಿಲ್ಲ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನ ಒಳಗೆ ಅದಕ್ಕೂ ಜಾಸ್ತಿ. ಹಳೆಯ ಲೆನ್ಸಿನ ಗ್ರೀಸ್ ಆ ಕಾವಿಗೆ ಕರಗಿ, ಅದರ ಎಣ್ಣೆ ಬೇರೆಯಾಗಿ ಮೆಲ್ಲಗೆ ಎಲೆಗಳ ಕಡೆ ಹರಿಯುತ್ತದೆ.

ನಡುವೆ ಒಮ್ಮೆ ಈ ಲೆನ್ಸನ್ನು ದೂರದ ಊರಿನ ಒಬ್ಬ ರಿಪೇರಿಯವರಿಗೆ ತೋರಿಸಿದ್ದೆ. ಅವರು ಹತ್ತು ಸಲ ಕ್ಲಿಕ್ ಮಾಡಿ ನೋಡಿ, ಅಪರ್ಚರ್ ಚೆನ್ನಾಗಿದೆ, ಗಾಜು ಹಳೆಯದಾಗಿದೆ ಅಷ್ಟೇ ಅಂದರು. ಆ ಹತ್ತು ಕ್ಲಿಕ್‌ಗಳೇ ರೋಗವನ್ನು ಮರೆಮಾಡಿದ್ದವು. ಹಾಗಾಗಿ ಈ ಪರೀಕ್ಷೆಯನ್ನು ಸರಿಯಾದ ಹೊತ್ತಿನಲ್ಲಿ ಮಾಡುವುದು ಬಹಳ ಮುಖ್ಯ.

ನಾನು ಮಾಡಿದ್ದು ಹೀಗೆ. ಲೆನ್ಸನ್ನು ಒಂದು ರಾತ್ರಿ ಪೂರ್ತಿ ಮುಟ್ಟದೆ ಇಟ್ಟೆ. ಬೆಳಿಗ್ಗೆ ಎದ್ದು, ಕ್ಯಾಮೆರಾಕ್ಕೆ ಜೋಡಿಸಿ ಟ್ರೈಪಾಡ್ ಮೇಲೆ ಇಟ್ಟೆ. ಫಿಲ್ಮ್ ಬ್ಯಾಕ್ (ಹಿಂದೆ ಫಿಲ್ಮ್ ಕೂರುವ ಪೆಟ್ಟಿಗೆ) ಬಿಚ್ಚಿದೆ. ಲೆನ್ಸಿನ ಮುಂದೆ ಬೆಳಕಿರುವ ಕಿಟಕಿ. ಹಿಂದೆ ಮೊಬೈಲ್, ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್‌ನಲ್ಲಿ. ಅಪರ್ಚರ್ ಎಫ್ 16, ವೇಗ 1/15. ರೆಕಾರ್ಡಿಂಗ್ ಶುರು ಮಾಡಿ ಒಂದೇ ಒಂದು ಕ್ಲಿಕ್. ಆಮೇಲೆ ಎರಡನೆಯದು, ಮೂರನೆಯದು, ಐದನೆಯದು.

ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸಿ ನೋಡಿ. ಮೊದಲ ಕ್ಲಿಕ್‌ನಲ್ಲಿ ಶಟರ್ ತೆರೆದಾಗ ಬೆಳಕಿನ ತೂತು ದೊಡ್ಡದಾಗಿತ್ತು. ಶಟರ್ ಮುಚ್ಚುವವರೆಗೂ ಹಾಗೇ ಇತ್ತು. ಐದನೇ ಕ್ಲಿಕ್‌ನಲ್ಲಿ ಶಟರ್ ತೆರೆದ ಮೊದಲ ಚಿತ್ರದಲ್ಲೇ ಚಿಕ್ಕ ತೂತು. ಮೊಬೈಲ್ ಪರದೆಯ ಮೇಲೆ ಎರಡನ್ನೂ ಪಕ್ಕ ಪಕ್ಕ ನೋಡಿದಾಗ ಮೂರು ತಿಂಗಳ ತಲೆಬಿಸಿ ಇಳಿಯಿತು.

ಲೆನ್ಸ್ ಮೇಲಿರುವ ಆಳ ನೋಡುವ ಪುಟ್ಟ ಲಿವರ್ ಎಳೆದು ಅಪರ್ಚರ್ ಮುಚ್ಚುತ್ತದೋ ಇಲ್ಲವೋ ನೋಡುವವರು ಇದ್ದಾರೆ. ಅದು ಸಾಲದು. ಅಲ್ಲಿ ಎಲೆಗಳಿಗೆ ಬೇಕಾದಷ್ಟು ಹೊತ್ತು ಇರುತ್ತದೆ. ಫೋಟೋ ತೆಗೆಯುವಾಗ ಕಣ್ಣು ಮಿಟುಕಿಸುವುದರೊಳಗೆ ಮುಚ್ಚಬೇಕು. ಆ ಲಿವರಿನಿಂದ ಒಂದು ಉಪಯೋಗ ಮಾತ್ರ ಇದೆ. ಅದನ್ನು ಎಳೆದು, ಟಾರ್ಚ್ ಓರೆಯಾಗಿ ಬಿಟ್ಟು ಎಲೆಗಳನ್ನು ನೋಡಿದರೆ ಎಣ್ಣೆಯ ಹೊಳಪು ಕಾಣುತ್ತದೆ. ಒಣ ಎಲೆ ಮಂಕಾಗಿ, ಬೂದುಗಪ್ಪಾಗಿ ಇರುತ್ತದೆ.

ಅದೇ ವಿಡಿಯೋದಲ್ಲಿ ಶಟರ್ ಲೆಕ್ಕವೂ ಸಿಗುತ್ತದೆ. ಬೆಳಕು ಕಂಡ ಚಿತ್ರಗಳನ್ನು ಎಣಿಸಿ. 1/15ಕ್ಕೆ 16 ಚಿತ್ರ, 1/8ಕ್ಕೆ 30, 1 ಸೆಕೆಂಡಿಗೆ 240 ಬರಬೇಕು. 1/15ರಲ್ಲಿ 18, 19 ಬಂದರೆ ಚಿಂತೆ ಬೇಡ. 25 ಬಂದರೆ ನಿಧಾನ ಆಗಿದೆ. 1/60ಕ್ಕೆ ನಾಲ್ಕೇ ಚಿತ್ರ, ಆದ್ದರಿಂದ ಅದರ ಮೇಲಿನ ವೇಗಗಳಿಗೆ ಈ ಉಪಾಯ ನಂಬಬೇಡಿ. ನಿಧಾನದ ವೇಗಗಳಿಗೆ ಕಿವಿಯೂ ಒಳ್ಳೆಯ ಸಾಧನ. ಒಂದು ಸೆಕೆಂಡಿಗೆ ಇಟ್ಟಾಗ ಒಳಗಿನ ಚಕ್ರಗಳ ಗುಂಯ್ ಸದ್ದು ಒಂದೇ ಸಮ ಬರಬೇಕು. ನಡುವೆ ತಡವರಿಸಿದರೆ, ಎಳೆದಂತೆ ಆದರೆ ಚಕ್ರಗಳಿಗೆ ಸರ್ವಿಸ್ ಬೇಕು.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಶಟರ್ ಬಿಗಿ ಅಂತ ಹೊಲಿಗೆ ಮಷೀನಿನ ಎಣ್ಣೆಯ ಒಂದು ತೊಟ್ಟು ಬಿಡಬೇಡಿ. ಎರಡು ದಿನ ಸರಿಹೋದ ಹಾಗೆ ಕಾಣುತ್ತದೆ. ಆಮೇಲೆ ಶಟರ್ ಎಲೆಗಳೂ ಅಂಟುತ್ತವೆ.

ನಡು ಚೆನ್ನಾಗಿದೆ, ಅಂಚು ಮಸುಕು

ಸಂಡೂರಿನ ರೋಲಿನಲ್ಲಿ ಮೂರನೇ ತಪ್ಪು ಇತ್ತು. ನಡುವಿನ ಹೊಲಿಗೆ ಒಂದೊಂದು ದಾರವೂ ಎಣಿಸುವ ಹಾಗೆ ಬಂದಿತ್ತು. ನಾಲ್ಕೂ ಮೂಲೆಯಲ್ಲಿ ದಾರಗಳು ಕಲಸಿಹೋಗಿದ್ದವು. ಗೊಂಬೆಯ ಫೋಟೋದಲ್ಲಿ ಇದು ಕಾಣಲಿಲ್ಲ. ಅಲ್ಲಿ ಮೂಲೆಯಲ್ಲಿ ಇದ್ದದ್ದು ಬರೀ ಹಿನ್ನೆಲೆ. ಚಪ್ಪಟೆ ಬಟ್ಟೆ ಮಾತ್ರ ಇಂಥದ್ದನ್ನು ಬಯಲಿಗೆ ತರುತ್ತದೆ.

ನಾಲ್ಕೂ ಮೂಲೆ ಒಂದೇ ಸಮ ಮಸುಕಾಗಿದ್ದರೆ ಮೊದಲು ಫ್ಲೋಟಿಂಗ್ ರಿಂಗ್ ನೋಡಿ. ನನ್ನದು ಅನಂತದ ಗುರುತಿನಲ್ಲೇ ಇತ್ತು. ಲೆನ್ಸ್ ಕೊಂಡ ದಿನದಿಂದ ಅದನ್ನು ನಾನು ಮುಟ್ಟಿರಲೇ ಇಲ್ಲ. ಸರಿಯಾದ ಕ್ರಮ ಹೀಗೆ. ಮೊದಲು ಫೋಕಸ್ ಮಾಡಿ. ಎಷ್ಟು ಹತ್ತಿರ ಇದ್ದೀರಿ ಅನ್ನುವುದನ್ನು ಬಾಡಿಯ ಪಟ್ಟಿಯಲ್ಲಿ ಓದಿಕೊಳ್ಳಿ. ರಿಂಗನ್ನು ಅದಕ್ಕೆ ತಕ್ಕ ಗುರುತಿಗೆ ತಿರುಗಿಸಿ. ಆಮೇಲೆ ಮತ್ತೆ ಫೋಕಸ್ ಮಾಡಿ. ಈ ಕೊನೆಯದನ್ನು ಮರೆಯುವವರೇ ಜಾಸ್ತಿ. ರಿಂಗ್ ತಿರುಗಿಸಿದರೆ ಫೋಕಸ್ ಸ್ವಲ್ಪ ಸರಿಯುತ್ತದೆ.

ಒಂದೇ ಕಡೆ ಮಸುಕು ಇದ್ದರೆ ಕ್ಯಾಮೆರಾ ಬಟ್ಟೆಗೆ ನೇರವಾಗಿಲ್ಲ ಅಂತ ತಿಳಿಯಿರಿ. ಇದಕ್ಕೆ ಒಂದು ಕನ್ನಡಿ ಸಾಕು. ಬಟ್ಟೆಯ ನಡುವೆ ಒಂದು ಚಿಕ್ಕ ಚಪ್ಪಟೆ ಕನ್ನಡಿ ಇಟ್ಟು ಫೈಂಡರಿನಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವೆ ಕಂಡರೆ ನೇರ ಇದೆ. ಪಕ್ಕಕ್ಕೆ ಸರಿದಿದ್ದರೆ ಟ್ರೈಪಾಡ್ ತಲೆ ಹೊಂದಿಸಿ. ಕಸೂತಿಯಲ್ಲೇ ಹೊಲಿದಿರುವ ಕನ್ನಡಿಯನ್ನು ನಂಬಬೇಡಿ. ಅವು ದಾರದ ಬಿಗಿತಕ್ಕೆ ಓರೆಯಾಗಿ ಕೂತಿರುತ್ತವೆ.

ನೇರ ಇದ್ದೂ ಒಂದು ಕಡೆ ಮಸುಕು ಬಂದರೆ, ಆರ್‌ಬಿಯ ತಿರುಗುವ ಬ್ಯಾಕ್ ನಮಗೆ ಒಂದು ಸುಂದರವಾದ ಪರೀಕ್ಷೆ ಕೊಡುತ್ತದೆ. ಗೋಡೆಗೆ ದಿನಪತ್ರಿಕೆಯ ಒಂದು ಪುಟ ಅಂಟಿಸಿ. ಒಂದು ಫ್ರೇಮ್ ಅಡ್ಡಕ್ಕೆ ತೆಗೆಯಿರಿ. ಬೇರೇನೂ ಮುಟ್ಟದೆ ಬ್ಯಾಕ್ ಮಾತ್ರ ಉದ್ದಕ್ಕೆ ತಿರುಗಿಸಿ ಇನ್ನೊಂದು ತೆಗೆಯಿರಿ. ಎರಡರಲ್ಲೂ ಪತ್ರಿಕೆಯ ಎಡಭಾಗವೇ ಮಸುಕಾದರೆ ದೋಷ ಲೆನ್ಸಿನದು. ಒಳಗಿನ ಗಾಜು ಓರೆಯಾಗಿದೆ, ಲೆನ್ಸ್ ಯಾವಾಗಲೋ ಬಿದ್ದಿರಬಹುದು. ಬ್ಯಾಕ್ ಜೊತೆ ಮಸುಕೂ ತಿರುಗಿ ಪತ್ರಿಕೆಯ ಮೇಲೋ ಕೆಳಗೋ ಹೋದರೆ ದೋಷ ಬ್ಯಾಕಿನದು, ಫಿಲ್ಮ್ ಚಪ್ಪಟೆಯಾಗಿ ನಿಲ್ಲುತ್ತಿಲ್ಲ. ಎರಡು ಫ್ರೇಮ್ ಖರ್ಚಿನಲ್ಲಿ ಇಷ್ಟು ಖಚಿತವಾದ ಉತ್ತರ ಬೇರೆ ಯಾವ ಕ್ಯಾಮೆರಾದಲ್ಲೂ ನನಗೆ ಸಿಕ್ಕಿಲ್ಲ.

ಪೂರ್ತಿ ಮಸುಕು

ಮಸುಕಿಗೆ ದಿಕ್ಕು ಇದೆಯೇ ನೋಡಿ. ಒಂದು ಬಿಳಿ ಚುಕ್ಕೆ ಮೇಲೆ ಕೆಳಗೆ ಎಳೆದಂತಾಗಿದ್ದರೆ ಅದು ನಡುಕ. ಆರ್‌ಬಿಯ ಒಳಗೆ ಫೈಂಡರಿಗೆ ಚಿತ್ರ ತೋರಿಸುವ ಕನ್ನಡಿ ದೊಡ್ಡದು, ಫೋಟೋ ತೆಗೆಯುವಾಗ ಅದು ಏಳುವಾಗ ಇಡೀ ಕ್ಯಾಮೆರಾ ಅದುರುತ್ತದೆ. ಅರ್ಧ ಸೆಕೆಂಡಿನಿಂದ 1/30ರವರೆಗೆ ಇದು ಜಾಸ್ತಿ. ಲೆನ್ಸ್ ಪಕ್ಕದ ಮಿರರ್-ಅಪ್ ಗುಂಡಿಯನ್ನು ಎಂ ಕಡೆ ತಿರುಗಿಸಿ, ಅದಕ್ಕೇ ಕೇಬಲ್ ರಿಲೀಸ್ ಹಾಕಿ. ಮೊದಲು ಬಾಡಿಯ ಗುಂಡಿ ಒತ್ತಿ ಕನ್ನಡಿ ಏರಿಸಿ, ಎರಡು ಕ್ಷಣ ತಡೆದು ಕೇಬಲ್ ಒತ್ತಿ.

ದಿಕ್ಕಿಲ್ಲದ ಮಸುಕಾದರೆ ಫೋಕಸ್ ಬೇರೆ ಕಡೆ ಕೂತಿದೆ. ಒಂದು ಸ್ಕೇಲನ್ನು 45 ಡಿಗ್ರಿ ಓರೆಯಾಗಿ ಇಟ್ಟು, 10 ಸೆಂ.ಮೀ. ಗೆರೆಗೆ ಫೋಕಸ್ ಮಾಡಿ, ಎಫ್ 4.5ರಲ್ಲಿ ತೆಗೆಯಿರಿ. ನಿಮ್ಮ ಬೇರೆ ಲೆನ್ಸಿನಲ್ಲೂ ಒಂದು ತೆಗೆಯಿರಿ. ಎರಡರಲ್ಲೂ ಒಂದೇ ಕಡೆಗೆ ಸರಿದಿದ್ದರೆ ಕನ್ನಡಿ ಅಥವಾ ಫೋಕಸಿಂಗ್ ಸ್ಕ್ರೀನ್ ಜಾಗ ಬಿಟ್ಟಿದೆ, ಅದು ಬಾಡಿಯ ಕೆಲಸ. ಮ್ಯಾಕ್ರೋದಲ್ಲಿ ಮಾತ್ರ ಸರಿದಿದ್ದರೆ ಫೋಕಸ್ ಆದ ಮೇಲೆ ರಿಂಗ್ ತಿರುಗಿಸಿದ್ದೀರಿ. ಇಂಥ ಕ್ಯಾಮೆರಾದಲ್ಲಿ ನಾವು ನೋಡುವುದೂ ಫಿಲ್ಮ್ ನೋಡುವುದೂ ಅದೇ ಲೆನ್ಸಿನ ಮೂಲಕ. ಆದ್ದರಿಂದ ಲೆನ್ಸಿನಿಂದಾಗಿ ಫೋಕಸ್ ಸುಳ್ಳು ಹೇಳುವುದು ಬಹಳ ಕಡಿಮೆ.

ಎಫ್ 32ರಲ್ಲಿ ತೆಗೆದು ಮಸುಕು ಅನ್ನುವವರಿಗೆ ಒಂದು ಮಾತು. ಇಷ್ಟು ಹತ್ತಿರದಲ್ಲಿ ಎಫ್ 32 ಅಂದರೆ ನಿಜವಾಗಿ ಎಫ್ 53ರ ಲೆಕ್ಕ. ಬೆಳಕೇ ಬಾಗಿ ಹರಡಿಕೊಳ್ಳುತ್ತದೆ. ನಾನು 16 ದಾಟುವುದಿಲ್ಲ.

ಮಂಕು, ದೂಳು, ಫಂಗಸ್

ಚಿತ್ರ ಚೂಪಾಗಿದ್ದೂ ಮೇಲೆ ಹಾಲಿನ ಪದರ ಹರಡಿದ ಹಾಗೆ ಕಂಡರೆ ಲೆನ್ಸಿನ ಮೇಲೆ ಅನುಮಾನ ಪಡುವ ಮೊದಲು ವಸ್ತುವನ್ನು ನೋಡಿ. ಲಂಬಾಣಿ ಕಸೂತಿಯ ಕನ್ನಡಿಗಳು ದೀಪದ ಬೆಳಕನ್ನು ನೇರ ಲೆನ್ಸಿಗೆ ಎಸೆಯುತ್ತವೆ. ದೀಪವನ್ನು ಪಕ್ಕಕ್ಕೆ ಸರಿಸಿ, ಹುಡ್ ಹಾಕಿ ನೋಡಿ. ನನಗೆ ಅರ್ಧ ಮಂಕು ಅಲ್ಲೇ ಹೋಯಿತು.

ಉಳಿದದ್ದಕ್ಕೆ ಟಾರ್ಚ್ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಶಟರನ್ನು ಟಿ ಮೇಲೆ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಡಿ. ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಫಂಗಸ್. ಒಂದೇ ಸಮ ಉಸಿರು ಬಿಟ್ಟ ಹಾಗಿದ್ದರೆ ಎಣ್ಣೆಯ ಆವಿ ಕೂತಿದೆ, ಅದು ತೊಳೆದರೆ ಹೋಗುತ್ತದೆ. ಅಂಚಿನಿಂದ ಒಳಗೆ ಕಾಮನಬಿಲ್ಲಿನ ಬಣ್ಣ ಹಬ್ಬಿದ್ದರೆ ಅಂಟಿಸಿದ ಎರಡು ಗಾಜುಗಳು ಬಿಟ್ಟುಕೊಳ್ಳುತ್ತಿವೆ. ಅದರ ರಿಪೇರಿ ಕಷ್ಟ. ಕೊಳ್ಳುವ ಮೊದಲೇ ಕಂಡರೆ ಬಿಟ್ಟುಬಿಡಿ. ನಮ್ಮ ಒಣ ಹವೆಯಲ್ಲಿ ಫಂಗಸ್ ಬೆಳೆಯುವುದು ಕಡಿಮೆ. ಆದರೆ ಕರಾವಳಿಯಿಂದ ಬಂದ ಲೆನ್ಸ್ ಅದನ್ನು ಹೊತ್ತೇ ಬರಬಹುದು.

ಒಳಗೆ ನಾಲ್ಕಾರು ದೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಹೊರಗಿನ ದೂಳಿನ ವಿಷಯ ಬೇರೆ. ಸಂಡೂರಿನ ರಸ್ತೆಯ ಕೆಂಪು ದೂಳು ಕಬ್ಬಿಣದ ಅದಿರು. ಅದು ಗಾಜಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಗಟ್ಟಿ. ಅಂಗಿಯ ತುದಿಯಿಂದ ಒರೆಸಿದರೆ ಗಾಜಿನ ಮೇಲಿನ ಕೋಟಿಂಗ್ ಮೇಲೆ ಮರಳು ಕಾಗದ ಉಜ್ಜಿದ ಹಾಗೆ. ಮೊದಲು ರಬ್ಬರ್ ಬ್ಲೋಯರಿನಿಂದ ಊದಿ. ಆಮೇಲೆ ಮೆತ್ತನೆ ಬ್ರಷ್. ಬಟ್ಟೆ ಕೊನೆಗೆ. ಫ್ಲೋಟಿಂಗ್ ರಿಂಗ್ ತಿರುಗಿಸುವಾಗ ಕರಕರ ಅಂದರೆ ಅದೇ ದೂಳು ಸೇರಿದೆ. ಜೋರು ಮಾಡಬೇಡಿ.

ಖಾಲಿ ಫ್ರೇಮ್

ಇದು ಬೇಗ ಮುಗಿಯುತ್ತದೆ. ಮಿರರ್-ಅಪ್ ಗುಂಡಿ ಎಂ ಕಡೆಯೇ ಉಳಿದಿದ್ದರೆ ಕನ್ನಡಿ ಏಳುತ್ತದೆ, ಸದ್ದೂ ಬರುತ್ತದೆ, ಶಟರ್ ಮಾತ್ರ ತೆರೆಯುವುದಿಲ್ಲ. ಎನ್ ಕಡೆ ತಿರುಗಿಸಿ. ಫ್ಲ್ಯಾಶ್ ಹಾಕಿದಾಗ ಮಾತ್ರ ಖಾಲಿ ಬಂದರೆ ವೈರ್ ಸಿಕ್ಕಿಸುವ ಜಾಗದ ಪಕ್ಕದ ಲಿವರ್ ಎಕ್ಸ್ ಮೇಲೆ ಇರಬೇಕು. ಆ ಲಿವರಿನ ಎಂ ಇರುವುದು ಹಳೆಯ ಕಾಲದ ಫ್ಲ್ಯಾಶ್ ಬಲ್ಬಿಗೆ.

ಖಾಲಿ ಅಲ್ಲ, ಅಂಚಿನಿಂದ ಬಣ್ಣದ ಪಟ್ಟೆ ನುಗ್ಗಿದೆ ಅಂದರೆ ಬ್ಯಾಕಿನ ಸ್ಪಂಜು ಪುಡಿಯಾಗಿದೆ ಅಥವಾ ಬೆಲ್ಲೋಸ್ ಮೂಲೆಯಲ್ಲಿ ತೂತು ಇದೆ. ಕತ್ತಲೆಯಲ್ಲಿ ಬೆಲ್ಲೋಸ್ ಒಳಗೆ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ. ಪೂರ್ತಿ ಚಾಚಿಯೇ ನೋಡಬೇಕು. ಮಡಿಕೆಯಲ್ಲಿ ಅಡಗಿದ ತೂತು ಮ್ಯಾಕ್ರೋದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ.

ರಿಪೇರಿಗೆ ಕೊಡುವಾಗ

ಎರಡನೇ ಸಲ ಲೆನ್ಸನ್ನು ಬೇರೆಯವರಿಗೆ ಕಳಿಸುವಾಗ ಜೊತೆಗೆ ಒಂದು ಚೀಟಿ ಇಟ್ಟೆ. "ಒಂದು ರಾತ್ರಿ ಮುಟ್ಟದೆ ಇಟ್ಟು, ಮೊದಲ ಕ್ಲಿಕ್‌ನಲ್ಲಿ ನೋಡಿ. ಎಫ್ 16 ಪೂರ್ತಿ ಮುಚ್ಚುವುದಿಲ್ಲ. ಐದನೇ ಕ್ಲಿಕ್‌ಗೆ ಸರಿಯಾಗುತ್ತದೆ. ಎಲೆಗಳ ಮೇಲೆ ಎಣ್ಣೆ ಇದೆ. ಗಾಜು ಬಿಚ್ಚುವುದು ಬೇಡ. ಎಲೆಗಳಿಗೆ ಎಣ್ಣೆ ಹಾಕುವುದು ಬೇಡ." ವಿಡಿಯೋವನ್ನೂ ಕಳಿಸಿದೆ. ಅವರು ಎಲೆಗಳನ್ನು ತೊಳೆದು ಒಣಗಿಸಿ ಹತ್ತು ದಿನದಲ್ಲಿ ಕಳಿಸಿದರು.

ಬಂದ ಮೇಲೆ ಒಂದು ರಾತ್ರಿ ಇಟ್ಟು ಮತ್ತೆ ವಿಡಿಯೋ ಮಾಡಿದೆ. ಮೊದಲ ಕ್ಲಿಕ್‌ನಲ್ಲೇ ಚಿಕ್ಕ ತೂತು. ಕಿನ್ನಾಳಕ್ಕೆ ಹೋಗಿ ಅದೇ ಗೊಂಬೆ, ಅದೇ ಟ್ಯೂಬ್, ಎಫ್ 16ರಲ್ಲಿ ಎರಡು ಫ್ರೇಮ್ ತೆಗೆದೆ. ಮೊದಲನೆಯದನ್ನು ಬೇಕಂತಲೇ ಹಳೆಯ ತಪ್ಪು ಲೆಕ್ಕದಲ್ಲಿ, ಬೆಲ್ಲೋಸಿಗೆ ಏನೂ ಸೇರಿಸದೆ. ಎರಡನೆಯದಕ್ಕೆ ಒಂದೂವರೆ ಸ್ಟಾಪ್ ಸೇರಿಸಿ. ಎರಡು ವಾರ ಬಿಟ್ಟು ನೆಗೆಟಿವ್ ಬಂತು. ಮೊದಲನೆಯದು ಸಂಡೂರಿನ ರೋಲಿನಷ್ಟೇ ತೆಳು. ಎರಡನೆಯದರಲ್ಲಿ ಬಣ್ಣವೂ ಇದೆ, ಮೂಗೂ ಇದೆ, ಯಜಮಾನರು ಕಣ್ಣಿಗೆ ಎಳೆದ ಕಪ್ಪು ಗೆರೆಯೂ ಇದೆ.